ಅವ್ವನ ಬೆಣ್ಣೆಯ ಮೇಲೆ ನಾನು ಮಾಡಿದ ಪಾಠ

ನನ್ನ ಮೂಗಿನ ಬಗ್ಗೆ ನನಗೆ ಅಪಾರ ಗೌರವವಿತ್ತು. ಸಾಧಾರಣ ಜನರ ಮೂಗು ಉಸಿರಾಡುವುದಕ್ಕೂ ಕನ್ನಡಕ ನಿಲ್ಲಿಸುವುದಕ್ಕೂ ಮಾತ್ರ ಬರುತ್ತದೆ. ನನ್ನದು ಹಾಗಲ್ಲ. ಅದು ಓದಿದ ಮೂಗು! ಬೆಂಗಳೂರಿನ ಕಾಲೇಜೊಂದರಲ್ಲಿ ಸಾವಯವ ರಸಾಯನಶಾಸ್ತ್ರದ ಪ್ರೊಫೆಸರಾಗಿದ್ದ ನಾನು, ಮುಚ್ಚಳ ತೆಗೆದ ಸೀಸೆಯ ಮೇಲೆ ಅಂಗೈ ಬೀಸಿಕೊಂಡು ಒಳಗಿರುವ ದ್ರವ ಯಾವುದೆಂದು ಹೇಳಿಬಿಡುತ್ತಿದ್ದೆ. ವಿದ್ಯಾರ್ಥಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಸೀಸೆಯ ಮೇಲೆ ಹೆಸರಿನ ಚೀಟಿ ಅಂಟಿಸಿರುತ್ತಿತ್ತು ಅನ್ನುವುದು ಬೇರೆ ಮಾತು.

ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಆಗ ನಾನು ಬ್ಯುಟಿರಿಕ್ ಆಮ್ಲ ಎಂಬ ಪದಾರ್ಥದ ಬೆನ್ನು ಹತ್ತಿದ್ದೆ. ಬೆಣ್ಣೆ ಕೆಟ್ಟಾಗ ಒಂದು ನಾತ ಬರುತ್ತದಲ್ಲ, ಅದೇ ಈ ಆಮ್ಲದ ನಾತ. ಆದರೆ ಇದಕ್ಕೆ ಮದ್ಯಸಾರ ಸೇರಿಸಿ ಕ್ರಮವಾಗಿ ಕಾಯಿಸಿದರೆ ಅನಾನಸ್ ಹಣ್ಣಿನ ಘಮ ಬರುತ್ತದೆ. ಅಂಥ ಘಮಗಳನ್ನು ಸುಲಭವಾಗಿ ತಯಾರಿಸುವ ದಾರಿ ಹುಡುಕುವುದೇ ನನ್ನ ಸಂಶೋಧನೆ. ಮೂರು ವರ್ಷದಲ್ಲಿ ಘಮ ಬಂದದ್ದು ನಾಲ್ಕೈದು ಸಲ. ಉಳಿದ ದಿನವೆಲ್ಲ ಇನ್ನೊಂದು ಬಂತು!

"ರೀ, ನೀವು ಬಾಗಿಲು ತಟ್ಟೋದೇ ಬೇಡ. ಬೀದಿ ಕೊನೇಗೆ ಬಂದ್ರೇ ಗೊತ್ತಾಗುತ್ತೆ" ಎಂದು ಹೆಂಡತಿ ಸರೋಜ ಹೇಳುತ್ತಿದ್ದಳು. ಅದನ್ನು ನಾನು ಪ್ರೀತಿಯ ಮಾತೆಂದುಕೊಂಡಿದ್ದೆ. ದಿನವೆಲ್ಲ ಒಂದೇ ವಾಸನೆಯಲ್ಲಿ ಇದ್ದರೆ ಮೂಗು ಆ ವಾಸನೆಯನ್ನು ಗುರುತಿಸುವುದನ್ನೇ ನಿಲ್ಲಿಸುತ್ತದೆ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳಿಕೊಡುತ್ತಿದ್ದವನು ನಾನೇ. ಆ ನಿಯಮ ಪ್ರೊಫೆಸರುಗಳಿಗೂ ಅನ್ವಯಿಸುತ್ತದೆಂದು ಮಾತ್ರ ತೋಚಿರಲಿಲ್ಲ.

ನನ್ನ ಊರು ನಂದಗುಡಿಯ ಹತ್ತಿರದ ಒಂದು ಹಳ್ಳಿ. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ಎರಡು ಎಮ್ಮೆ ಕಟ್ಟಿಕೊಂಡು ಅಲ್ಲಿದ್ದಳು. ಅವಳ ಬೆಣ್ಣೆಗೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಬೆಳಗ್ಗೆ ಕಡೆದು, ಉಂಡೆ ಕಟ್ಟಿ, ಮಡಕೆಯ ತಣ್ಣೀರಿನಲ್ಲಿ ಬಿಟ್ಟು, ಹೊತ್ತು ಹೊತ್ತಿಗೆ ನೀರು ಬದಲಿಸುತ್ತಿದ್ದಳು. ಬಾಣಂತಿ ಇರುವ ಮನೆಯವರು, ಮದುವೆ ಇಟ್ಟುಕೊಂಡವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ನಾನು ಓದಿದ್ದೂ ಆ ಬೆಣ್ಣೆಯಿಂದಲೇ. ನನ್ನ ಹೆಸರಿನ ಮುಂದಿನ ಡಾಕ್ಟರ್ ಎಂಬ ಪದವನ್ನು ಕಾಯಿಸಿದರೆ ಅರ್ಧ ಪಾವು ತುಪ್ಪವಾದರೂ ಇಳಿದೀತು.

ಆ ಸಲ ನಮ್ಮ ಬೀದಿಯ ಮುನಿಶಾಮಣ್ಣನ ಮಗಳಿಗೆ ಮದುವೆ ಗೊತ್ತಾಗಿತ್ತು. ಒಬ್ಬಟ್ಟಿಗೆ ತುಪ್ಪ ಅವ್ವನ ಕೈಯದೇ ಆಗಬೇಕೆಂದು ಅವನು ಎರಡು ತಿಂಗಳು ಮುಂಚೆಯೇ ಹೇಳಿಟ್ಟಿದ್ದ. ಅದಕ್ಕಾಗಿ ಅವ್ವ ಕೊನೆಯ ಒಂದು ವಾರ ಯಾರಿಗೂ ಬೆಣ್ಣೆ ಕೊಡದೆ ಎರಡು ಮಡಕೆ ಕೂಡಿಟ್ಟಿದ್ದಳು. ಮದುವೆಗೆ ಎರಡು ದಿನ ಇರುವಾಗ ಕಾಯಿಸುವುದೆಂದು ಮಾತಾಗಿತ್ತು. ನನಗೂ ಕರೆ ಬಂತು. ಮಕ್ಕಳಿಗೆ ಪರೀಕ್ಷೆಯೆಂದು ಸರೋಜ ಉಳಿದಳು.

ಹೊರಡುವ ದಿನ ಮಧ್ಯಾಹ್ನದವರೆಗೂ ಪ್ರಯೋಗಾಲಯದಲ್ಲಿದ್ದೆ. ಇನ್ನೇನು ಬಸ್ಸಿಗೆ ಹೊತ್ತಾಯಿತು ಅನ್ನುವಾಗ ಸೀಸೆ ಜಾರಿ ಆಮ್ಲ ಮೇಜಿನ ಮೇಲೆ ಒಂದಿಷ್ಟು ಚೆಲ್ಲಿತು. ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಒರೆಸಿದೆ. ಕೈಗೆ ಸಿಕ್ಕಿದ ಬಟ್ಟೆ ನನ್ನ ಕರ್ಚೀಫು! ಅದನ್ನು ಅಚ್ಚುಕಟ್ಟಾಗಿ ಮಡಿಚಿ ಕೋಟಿನ ಜೇಬಿಗಿಟ್ಟೆ. ಕೈ ತೊಳೆದು, ಮೂಸಿ ನೋಡಿಕೊಂಡೆ. ಏನೂ ಇಲ್ಲ. ಓದಿದ ಮೂಗು ಸುಳ್ಳು ಹೇಳುತ್ತದೆಯೇ?

ಬಸ್ಸಿನಲ್ಲಿ ನನ್ನ ಪಕ್ಕ ಕೂತವನು ಎರಡೇ ನಿಮಿಷಕ್ಕೆ ಎದ್ದು ಹಿಂದೆ ಹೋದ. ಮುಂದಿನ ಸೀಟಿನವರೂ ಎದ್ದರು. ಹೊಸಕೋಟೆ ಬರುವಷ್ಟರಲ್ಲಿ ನನ್ನ ಸುತ್ತ ಮೂರು ಸೀಟು ಖಾಲಿ, ಹಿಂದೆ ಜನ ಒಬ್ಬರ ಮೇಲೊಬ್ಬರು. ಕೋಟು ಹಾಕಿದವರಿಗೆ ನಮ್ಮ ಕಡೆಯ ಜನ ಇನ್ನೂ ಎಷ್ಟು ಮರ್ಯಾದೆ ಕೊಡುತ್ತಾರೆಂದು ನನಗೆ ಕಣ್ಣು ತುಂಬಿ ಬಂತು. ಕರ್ಚೀಫು ತೆಗೆದು ಒರೆಸಿಕೊಂಡೆ. ಕಣ್ಣು ಇನ್ನಷ್ಟು ತುಂಬಿ ಬಂತು!

ಮನೆಗೆ ಬಂದು ಕೋಟನ್ನು ನಡುಮನೆಯ ಗೂಟಕ್ಕೆ ನೇತುಹಾಕಿದೆ. ಅವ್ವ ಒಮ್ಮೆ ಕೋಟನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ನೀರು ತರಲು ಒಳಗೆ ಹೋದಳು. ಅಷ್ಟರಲ್ಲಿ ಮುನಿಶಾಮಣ್ಣ, ಬೆಣ್ಣೆ ಕಾಯಿಸುವುದಕ್ಕೆ ಅಣಿಯಾಗಿದೆಯೇ ಎಂದು ಕೇಳಲು, ನಾಲ್ಕು ಜನ ನೆಂಟರ ಸಮೇತ ಬಂದ. ಹೊಸ್ತಿಲು ದಾಟಿದವನು ಹಾಗೇ ನಿಂತ.

"ಇದೇನಕ್ಕಾ, ಇಂಥಾ ವಾಸ್ನೆ!"

"ಎಂಥ ವಾಸನೆ?" ಎಂದೆ ನಾನು. ನನಗೇನೂ ಬರುತ್ತಿರಲಿಲ್ಲ.

"ಬೆಣ್ಣೆ ಕೆಟ್ಟೋದಂಗೆ, ಮೇಷ್ಟ್ರೇ."

ಇಡೀ ಭೂಮಂಡಲದಲ್ಲಿ ಈ ಪ್ರಶ್ನೆಯನ್ನು ಕೇಳಲು ನನಗಿಂತ ಯೋಗ್ಯ ವ್ಯಕ್ತಿ ಅವನಿಗೆ ಸಿಗುತ್ತಿರಲಿಲ್ಲ. ನನ್ನ ವಿಷಯವೇ ನನ್ನ ಮನೆ ಬಾಗಿಲಿಗೆ ಬಂದಿತ್ತು! ಗಂಟಲು ಸರಿಪಡಿಸಿಕೊಂಡು ಶುರು ಮಾಡಿದೆ. ಬೆಣ್ಣೆಯಲ್ಲಿ ಏನೇನಿರುತ್ತದೆ, ಅದು ಹೇಗೆ ಒಡೆಯುತ್ತದೆ, ಕಣ್ಣಿಗೆ ಚೆನ್ನಾಗಿ ಕಂಡರೂ ಒಳಗೆ ಹೇಗೆ ಕೆಟ್ಟಿರಬಹುದು, ಎಲ್ಲವನ್ನೂ ಬಿಡಿಸಿ ಹೇಳಿದೆ. ನೆಂಟರು ತಲೆಯಾಡಿಸಿದರು. ಕಾಲೇಜಿನಲ್ಲಿ ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ.

"ಬೆಳಗ್ಗೇನೂ ನೀರು ಬದಲಾಯ್ಸಿದೀನಿ ಕಣಪ್ಪ, ಚೆನ್ನಾಗೈತೆ" ಎಂದಳು ಅವ್ವ ಮೆಲ್ಲಗೆ.

"ಅವ್ವಾ, ಇದು ವಿಜ್ಞಾನ. ಪ್ರತ್ಯಕ್ಷ ತೋರಿಸ್ತೀನಿ" ಎಂದು ಮಡಕೆಗೆ ಕೈ ಹಾಕಿ ಒಂದು ಉಂಡೆ ತೆಗೆದೆ. ಬಸ್ಸಿನಲ್ಲಿ ಕರ್ಚೀಫು ಹಿಡಿದು ಕಣ್ಣು ಒರೆಸಿಕೊಂಡ ಅದೇ ಕೈ! ಉಂಡೆಯನ್ನು ಮುನಿಶಾಮಣ್ಣನ ಮೂಗಿನ ಕೆಳಗೆ ಹಿಡಿದೆ. ಅವನು ಮೂರು ಹೆಜ್ಜೆ ಹಿಂದೆ ಹಾರಿದ. ನೆಂಟರಿಗೂ ಒಬ್ಬೊಬ್ಬರಿಗೇ ಹಿಡಿದು ತೋರಿಸಿದೆ. ಎಲ್ಲರೂ ಹಾರಿದರು. ನನ್ನ ಜೀವನದಲ್ಲಿ ಇಷ್ಟು ಏಕರೂಪವಾದ ಫಲಿತಾಂಶ ಕೊಟ್ಟ ಪ್ರಯೋಗ ಇನ್ನೊಂದಿಲ್ಲ.

ಅವ್ವ ಎರಡೂ ಮಡಕೆ ಎತ್ತಿಕೊಂಡು ಹೋಗಿ ತಾನೇ ತಿಪ್ಪೆಗೆ ಸುರಿದು ಬಂದಳು. ಮುನಿಶಾಮಣ್ಣ ಪೇಟೆಯಿಂದ ವನಸ್ಪತಿ ಡಬ್ಬ ತರಿಸಿದ. ಒಬ್ಬಟ್ಟಿನ ಪಂಕ್ತಿಯಲ್ಲಿ ಕೂತವರೆಲ್ಲ ತುಪ್ಪ ಯಾಕಿಲ್ಲವೆಂದು ಕೇಳಿದರು, ಯಾಕಿಲ್ಲವೆಂಬುದನ್ನು ಕೇಳಿ ತಿಳಿದುಕೊಂಡರು. ತಿಳಿಯದವರಿಗೆ ನಾನೇ ಎದ್ದು ವಿವರಿಸಿದೆ.

ಬೆಂಗಳೂರಿಗೆ ವಾಪಸ್ಸು ಬಂದು ಬಾಗಿಲು ತಟ್ಟಿದೆ. ಸರೋಜ ಅರ್ಧ ಬಾಗಿಲು ತೆಗೆದವಳು, "ಅಲ್ಲೇ ನಿಲ್ಲಿ!" ಎಂದು ಒಳಗೆ ಹೋಗಿ ಇಕ್ಕಳ ತಂದಳು. ಆ ಇಕ್ಕಳದಿಂದ ನನ್ನ ಜೇಬಿನ ಕರ್ಚೀಫನ್ನು ಎತ್ತಿ ಅಂಗಳಕ್ಕೆ ಎಸೆದಳು.

"ಇದನ್ನ ಇಟ್ಕೊಂಡು ಮದುವೆ ಮನೇಗೆ ಹೋಗಿದ್ರಾ? ಯಾರೂ ಏನೂ ಅನ್ಲಿಲ್ವಾ?"

ನಾನು ಜಗಲಿಯ ಮೇಲೆ ಕುಸಿದೆ. ನಡೆದದ್ದನ್ನು ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ನಾಳೆ ಮೊದಲನೇ ಬಸ್ಸಿಗೆ ಹೋಗಿ ಅತ್ತೆಗೆ ಹೇಳಿ ಬನ್ನಿ" ಎಂದಳು.

ಹೋಗಲಿಲ್ಲ. ಉತ್ತರ ಪತ್ರಿಕೆ ತಿದ್ದುವುದಿತ್ತು, ಪ್ರಬಂಧ ಬರೆಯುವುದಿತ್ತು, ನಾಚಿಕೆಯಂತೂ ಇದ್ದೇ ಇತ್ತು. ಕಾಗದ ಬರೆದರೆ ಊರಿನಲ್ಲಿ ಯಾರಾದರೂ ಅವ್ವನಿಗೆ ಓದಿ ಹೇಳಬೇಕು, ಅದೂ ಬೇಡವೆನಿಸಿತು. ಐದು ತಿಂಗಳು ಹೀಗೇ ಕಳೆಯಿತು. ಈಗ ನೆನೆದರೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕೊನೆಗೂ ಹೋದಾಗ ಕೊಟ್ಟಿಗೆ ಖಾಲಿಯಿತ್ತು. ಅವ್ವ ಪಕ್ಕದ ಮನೆಯಿಂದ ಚೊಂಬಿನಲ್ಲಿ ಮಜ್ಜಿಗೆ ಇಸಿದುಕೊಂಡು ಬರುತ್ತಿದ್ದಳು.

"ಎಮ್ಮೆ ಎಲ್ಲವ್ವಾ?"

"ಮಾರ್ಬಿಟ್ಟೆ ಕಣಪ್ಪ. ಬೆಣ್ಣೆ ಕೇಳೋರು ಬರ್ಲಿಲ್ಲ. ಸುಮ್ನೆ ಯಾಕೆ ಹುಲ್ಲು ಹಾಕೋದು?"

ಅಲ್ಲೇ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತು ಬಿಡಪ್ಪ. ನೀನು ಕೋಟು ನೇತಾಕಿದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕವ್ವಾ ಹೇಳ್ಲಿಲ್ಲ?"

"ಅಷ್ಟು ಜನ ನಿಂತ್ಕೊಂಡು ಕೇಳ್ತಿದ್ರಲ್ಲೋ ಮಗಾ. ನೀನು ಪಾಠ ಮಾಡೋದ್ನ ನಾನು ಅವತ್ತೇ ಮೊದ್ಲು ನೋಡಿದ್ದು. ಮಧ್ಯದಲ್ಲಿ ನಿಲ್ಸೋಕೆ ಮನ್ಸು ಬರ್ಲಿಲ್ಲ. ಬೆಣ್ಣೆ ಇನ್ನೊಂದಷ್ಟು ಕಡೀಬೋದು ಅಂದ್ಕೊಂಡೆ. ಜನ ಬರೋದೇ ನಿಂತೋಯ್ತದೆ ಅಂತ ಗೊತ್ತಿರ್ಲಿಲ್ಲ."

ನಾನು ನಿಂತ ಕಾಲಲ್ಲೇ ಮುನಿಶಾಮಣ್ಣನ ಮನೆಗೆ ಓಡಿದೆ. ತಪ್ಪು ನನ್ನದು, ನಾತ ನನ್ನ ಕರ್ಚೀಫಿನದು, ಬೆಣ್ಣೆ ಚಿನ್ನದಂಥದು ಎಂದು ಬೇಡಿಕೊಂಡೆ. ಅವನು ಎಲ್ಲವನ್ನೂ ಕೇಳಿ, ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

"ಹೆತ್ತವ್ವನ ಹೆಸರು ಉಳಿಸೋಕೆ ತಪ್ಪು ತನ್ನ ಮೇಲೆ ಹಾಕ್ಕೊಳೋ ಮಗ ಯಾರಿಗುಂಟು ಮೇಷ್ಟ್ರೇ! ಆದ್ರೆ ನಾನೇ ಮೂಸಿ ನೋಡಿದೀನಲ್ಲ. ನೀವೇ ಅಷ್ಟು ಚೆನ್ನಾಗಿ ತಿಳ್ಸಿ ಹೇಳಿದ್ರಲ್ಲ!"

ಅವತ್ತು ಇನ್ನೂ ಆರು ಮನೆಗೆ ಹೋದೆ. ಆರು ಮನೆಯಲ್ಲೂ ನನ್ನನ್ನು ಹೊಗಳಿದರು. ಎಲ್ಲರೂ ಬೆಣ್ಣೆ ಹೇಗೆ ಒಡೆಯುತ್ತದೆ, ಒಳಗೊಳಗೇ ಹೇಗೆ ಕೆಡುತ್ತದೆ ಎಂಬುದನ್ನು ನನಗೇ ತಿರುಗಿ, ಒಂದು ತಪ್ಪಿಲ್ಲದೆ ಒಪ್ಪಿಸಿದರು. ಇಷ್ಟು ವರ್ಷ ಮೇಷ್ಟ್ರಾಗಿದ್ದೆ. ಕೇಳಿದವರಲ್ಲಿ ಒಬ್ಬರೂ ಮರೆಯದ ಪಾಠ ಅದೊಂದೇ.