ಬಾಚಣಿಗೆ ಬಿಟ್ಟು ತಂದ ಟ್ರಿಮ್ಮರ್

ಆರುನೂರು ರೂಪಾಯಿ! ನನ್ನ ಮನೆ ಕ್ಷೌರಕ್ಕೆ ಬಿದ್ದ ಬಂಡವಾಳ ಇಷ್ಟೇ. ಅಂಗಡಿಯವನು ಹೇಳಿದ್ದು ಎಂಟುನೂರು. ಔರಾದದ ಸಂತೆಯಲ್ಲಿ ಟವೆಲ್ ಮಾರುತ್ತ ಮೇಲೆ ಬಂದು, ಬೀದರಿನಲ್ಲಿ ಸ್ವಂತ ಬಟ್ಟೆ ಅಂಗಡಿ ಹಾಕಿದ ನಾನು, ಕೇಳಿದಷ್ಟೂ ಕೊಟ್ಟು ತಂದದ್ದೇನಾದರೂ ಇದ್ದರೆ ಅದು ಬಸ್ ಟಿಕೆಟ್ ಮಾತ್ರ. ಟ್ರಿಮ್ಮರ್ ಏಕೆ ಬೇಕಾಯಿತು ಎನ್ನುತ್ತೀರಾ? ಭಾನುವಾರ ಸಲೂನಿಗೆ ಹೋದರೆ ಎರಡು ತಾಸು ಬೆಂಚು ಕಾಯಬೇಕು. ಅದೂ ಆ ಭಾನುವಾರ ಮಧ್ಯಾಹ್ನ ಭಾಲ್ಕಿಗೆ ಹೋಗಿ ಮಗಳ ಮದುವೆ ಪಕ್ಕಾ ಮಾಡಬೇಕಿತ್ತು.

ಅಂಗಡಿಯ ಚಾಚಾ ಡಬ್ಬಿ ತೆರೆದು, ಮಷೀನಿನ ಪಕ್ಕ ನಾಲ್ಕು ಪ್ಲಾಸ್ಟಿಕ್ ಬಾಚಣಿಗೆ ಜೋಡಿಸಿಟ್ಟರು. ನನಗೆ ದಾರಿ ಸಿಕ್ಕಿತು. "ಬಾಚಣಿಗಿ ನಮ್ಮ ಮನ್ಯಾಗ ಏಳು ಅದಾವ ಚಾಚಾ. ಅವು ತೆಗೀರಿ, ಇನ್ನೂರು ಕಡಿಮಿ ಮಾಡ್ರಿ."

"ಸಾಹುಕಾರ್ರ, ಇವು ಬ್ಯಾರೆ ಬಾಚಣಿಗಿ ಅದಾವ್ರಿ..."

"ನನಗ ಯಾಪಾರ ಕಲಿಸಬ್ಯಾಡ್ರಿ!"

"ನಿಮ್ಮ ಮರ್ಜಿ" ಎಂದು ನಕ್ಕರು. ಸೋತವರು ಹೀಗೂ ನಗುತ್ತಾರೆ ಎಂದುಕೊಂಡೆ.

ಮನೆಗೆ ಬಂದವನೇ ಅಂಗಳದಲ್ಲಿ ಸ್ಟೂಲ್ ಹಾಕಿಸಿ, ಕೊರಳಿಗೆ ಹಳೆಯ ಚಾದರ ಸುತ್ತಿಕೊಂಡು, ಹೆಂಡತಿ ಶೋಭಾಳ ಕೈಗೆ ಟ್ರಿಮ್ಮರ್ ಕೊಟ್ಟೆ. ಅದು ಗುಂಯ್ ಎಂದಿತು. ಹಿಂದಿನಿಂದ ನಡುನೆತ್ತಿಯವರೆಗೆ ಒಂದೇ ಎಳೆತ!

"ಅಯ್ಯ!" ಅಂದಳು.

"ಏನಾತು?"

"ಏನಿಲ್ರಿ. ಅಲುಗಾಡಬ್ಯಾಡ್ರಿ."

ಕೈಯಾಡಿಸಿ ನೋಡಿದೆ. ತಲೆಯ ಮೇಲೆ ಹೊಸ ಬೈಪಾಸ್ ರಸ್ತೆ! ಆ ಪ್ಲಾಸ್ಟಿಕ್ ಬಾಚಣಿಗೆ ಮಷೀನಿನ ಬಾಯಿಗೆ ಸಿಕ್ಕಿಸುವ ಸಾಮಾನು, ಕೂದಲು ಬುಡದವರೆಗೆ ಹೋಗದಂತೆ ಕಾಯುವುದೇ ಅದು ಎಂದು ಆಗ ಹೊಳೆಯಿತು. "ಮನ್ಯಾಗಿನ ಏಳೂ ಬಾಚಣಿಗಿ ತರ್ಲೇನ್ರಿ?" ಎಂದು ಶೋಭಾ ಕೇಳಿದಳು. ಪೂರ್ತಿ ಬೋಳಿಸದೆ ಗತಿಯಿರಲಿಲ್ಲ.

ನಮ್ಮ ಮನೆತನಗಳಲ್ಲಿ ಗಂಡಸು ತಲೆ ಬೋಳಿಸಿದನೆಂದರೆ ತಂದೆಯೋ ತಾಯಿಯೋ ತೀರಿದರೆಂದೇ ಲೆಕ್ಕ. ಸೂತಕದವರ ಜೊತೆ ಮದುವೆ ಮಾತು ಯಾರು ಆಡುತ್ತಾರೆ? ಇದು ನೆನಪಾದದ್ದು, ಭಾಲ್ಕಿಯಲ್ಲಿ ಬೀಗರ ತಾಯಿ ನನ್ನ ತಲೆ ಕಂಡು ಸೆರಗು ಬಾಯಿಗೆ ಹಿಡಿದಾಗ!

"ಯಪ್ಪಾ, ನಿಮ್ಮ ಮುದುಕರು ಯಾವಾಗ ಹೋದ್ರೋ? ನಮಗೊಂದು ಮಾತು ಹೇಳಬಾರದೇನು?"

ಬೀಗರು ತಟ್ಟೆಯ ಎಲೆಅಡಿಕೆ ಒಳಗೆ ಕಳಿಸಿಯೇಬಿಟ್ಟರು. "ಈ ವರ್ಷ ಬ್ಯಾಡ್ರಿ. ಮುಂದಿನ ವರ್ಷ ನೋಡೋಣ."

ಮಗಳ ಮದುವೆ ಕಣ್ಣೆದುರೇ ಜಾರುತ್ತಿದೆ, "ಯಾರೂ ಹೋಗಿಲ್ರಿ" ಎಂದರೆ ನಂಬುವವರಿಲ್ಲ! ಅಷ್ಟರಲ್ಲಿ, ನಮ್ಮ ಜೊತೆಗೇ ಬಂದು ಆಟೋದಿಂದ ನಿಧಾನವಾಗಿ ಇಳಿದ ನಮ್ಮಪ್ಪ ಕೋಲೂರುತ್ತ ಹೊಸ್ತಿಲಿಗೆ ಬಂದರು.

"ಯಾರು ಹೋದ್ರವ್ವಾ?"

"ನೀವೇರಿ!" ಎಂದಳು ಮುದುಕಿ, ಬೆಚ್ಚಿಬಿದ್ದು.

"ನಾ ಎಲ್ಲಿ ಹೋಗ್ಲಿ? ಇನ್ನೂ ಚಹಾ ಸೈತ ಕುಡಿದಿಲ್ಲ!"

ಜೊತೆಗೆ ಬಂದಿದ್ದ ಶೋಭಾ ಎಲ್ಲವನ್ನೂ ಹೇಳಿಬಿಟ್ಟಳು, ಏಳು ಬಾಚಣಿಗೆಯನ್ನೂ ಬಿಡದೆ. ಬೀಗರು ಹೊಟ್ಟೆ ಹಿಡಿದು ನಕ್ಕರು. ಎಲೆಅಡಿಕೆ ಹೊರಗೆ ಬಂತು, ಮದುವೆ ನಿಶ್ಚಯವಾಯಿತು.

ಆದ್ದರಿಂದ ಕೇಳಿ, ಮನೆಯಲ್ಲೇ ಕ್ಷೌರ ಮಾಡಿಕೊಳ್ಳಿ, ಧೈರ್ಯವಾಗಿ ಮಾಡಿಕೊಳ್ಳಿ! ಆದರೆ ಮೊದಲು ಕಿವಿಯ ಹಿಂದೆ ಬೆರಳಗಲ ಮಷೀನು ಓಡಿಸಿ ನೋಡಿ. ಶುಭಕಾರ್ಯದ ದಿನವಂತೂ ಬೇಡವೇ ಬೇಡ. ಇಷ್ಟಾಗಿಯೂ ಬೋಳಾದರೆ, ಯಾರ ಮನೆಗೆ ಹೋದರೂ ಅಪ್ಪನನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ನಾನಂತೂ ಕೂದಲು ಬರುವವರೆಗೆ ಅಂಗಡಿಯ ಗಲ್ಲಾದಲ್ಲೂ ಅವರನ್ನೇ ಕೂರಿಸಿದ್ದೇನೆ.