ಮಗಳನ್ನ ಒಲಿಸಾಕ ಅಪ್ಪನ ರುಮಾಲ ಸುತ್ತಿದ್ನಿ

ಸಣ್ಣ ಮಕ್ಕಳ ಮನಸ್ಸು ಹೆಂಗ ಬೆಳೀತೈತಿ ಅನ್ನೂದನ್ನ ಜಗತ್ತಿನ್ಯಾಗ ಯಾರಾದ್ರೂ ಪೂರ್ತಿ ತಿಳಕೊಂಡಿದ್ರ ಅಂವ ನಾನ, ಅಂತ ಆ ಬ್ಯಾಸಿಗ್ಯಾಗ ನನಗ ಖಾತ್ರಿ ಇತ್ತು. ನಾವೆಲ್ಲಾ ಇನ್ನೂ ಮುಂಬೈ ಸರಕಾರದ ಕೆಳಗ ಇದ್ದ ಕಾಲ ಅದು. ಮಾಸ್ತರ ಟ್ರೇನಿಂಗ್ ಮುಗಿಸಿ, ಮಕ್ಕಳ ಮನಶ್ಶಾಸ್ತ್ರದ ಪೇಪರಿನ್ಯಾಗ ಇಡೀ ಕ್ಲಾಸಿಗೆ ಮೊದಲ ನಂಬರ ತಗೊಂಡು, ಗೋಕಾಕದ ನಮ್ಮ ಮನಿಗೆ ಬಂದಿಳದಿದ್ನಿ. ಟ್ರಂಕಿನ್ಯಾಗ ಪುಸ್ತಕ, ತಲ್ಯಾಗ ಶಾಸ್ತ್ರ. ಪ್ರಯೋಗ ಮಾಡಾಕ ಒಂದು ಕೂಸು ಅಷ್ಟ ಬೇಕಾಗಿತ್ತು. ಅದೂ ದೇವರ ದಯಾದಿಂದ ಮನ್ಯಾಗ ತಯಾರಿತ್ತು. ನಂದ ಕೂಸು.

ನೀಲವ್ವ ಹುಟ್ಟಿದ್ದು ಮೂಡಲಗ್ಯಾಗ, ನನ್ನ ಹೆಂಡತಿ ಶಾಂತವ್ವನ ತವರಮನ್ಯಾಗ. ಚೊಚ್ಚಲ ಬಾಣಂತನ ತವರಿನವ್ರ ಮಾಡಬೇಕಲ್ಲ. ನಾನು ಟ್ರೇನಿಂಗದಾಗ ಇದ್ನಿ. ತೊಟ್ಟಿಲಕ ಹಾಕಿದ ದಿನ ರಜಾ ತಗೊಂಡು ಹೋದ್ರ, ಬೀಗರ ಮನಿ ತುಂಬ ಹೆಣ್ಣಮಕ್ಕಳು. ಅವರ ತಲಿಗಳ ನಡುವ ದೂರದಿಂದ ಕೂಸಿಗೆ ಹಾಕಿದ ಒಂದು ಕುಂಚಗಿ ಕಾಣಿಸ್ತು, ಕುಂಚಗಿ ಒಳಗ ಒಂದು ಮೂಗು ಕಾಣಿಸ್ತು. ಅಷ್ಟ ದರ್ಶನ ಮಾಡ್ಕೊಂಡು, ಹೋಳಿಗಿ ಉಂಡು ತಿರುಗಿ ಬಂದಿದ್ನಿ.

ಈಗ ತಾಯಿ-ಮಗಳು ಗೋಕಾಕಕ ಬಂದಿದ್ರು. ಕೂಸು ಅಂಬೆಗಾಲಿಡಾಕತ್ತಿತ್ತು. ನಾನು ಪಡಸಾಲ್ಯಾಗ ಕಾಲಿಟ್ಟು, ನಕ್ಕೋತ, "ನೀಲವ್ವಾ" ಅಂದ್ನಿ. ಅಕಿ ತಲಿ ಎತ್ತಿ ನೋಡಿದ್ಲು. ಕೆಳಗಿನ ತುಟಿ ಸಾವಕಾಶ ಹೊರಗ ಬಂತು. ಆಮ್ಯಾಲ ಎತ್ತಿದ ದನಿ ಓಣಿ ದಾಟಿ ಹೋತು.

"ಶಾಸ್ತ್ರದ ಪ್ರಕಾರ ಇದು ಸರಿ ಐತಿ," ಅಂತ ನಾನು ಹೆಂಡತಿಗೆ ಸಮಾಧಾನ ಹೇಳಿದ್ನಿ. "ಈ ವಯಸ್ಸಿಗೆ ಕೂಸು ಗುರ್ತಿನವರು ಯಾರು, ಗುರ್ತಿಲ್ಲದವರು ಯಾರು ಅಂತ ಬ್ಯಾರೆ ಮಾಡಾಕ ಕಲೀತೈತಿ. ಬುದ್ಧಿ ಬೆಳಿಯೂ ಲಕ್ಷಣ ಇದು."

"ಬೆಳದೈತಿ ಬಿಡ್ರಿ," ಅಂದ್ಲು ಶಾಂತವ್ವ. "ಹಡದ ಅಪ್ಪನ್ನ ನೋಡಿ ಚಿಟ್ಟನ ಚೀರೂವಷ್ಟು ಬೆಳದೈತಿ."

ಎತ್ತಿಕೊಂಡು, ಆಡಿಸಿ, ಗುರ್ತು ಮಾಡಿಸಿಕೋಬೇಕಂದ್ರ ನಮ್ಮ ಮನ್ಯಾಗ ಅದಕ್ಕೊಂದು ತೊಡಕಿತ್ತು. ಹಿರಿಯರ ಮುಂದ ಗಂಡಸು ತನ್ನ ಕೂಸನ್ನ ತಾನ ಎತ್ತಿಕೊಂಡು ಮುದ್ದು ಮಾಡೂದು ನಾಚಿಕಿಗೇಡು. ಅಣ್ಣನ ಮಕ್ಕಳನ್ನ ಹೆಗಲ ಮ್ಯಾಲ ಹೊತ್ತು ಊರ ತಿರಗ್ರಿ, ಯಾರೂ ಏನೂ ಅನ್ನಾಂಗಿಲ್ಲ. ನಮ್ಮ ಕೂಸನ್ನ ಮುಟ್ಟಿದ್ರ, "ಏನ ನಾಚಿಕಿ ಬಿಟ್ಟಾನ ನೋಡು" ಅಂತಾರ. ನಮ್ಮಪ್ಪ ನೋಡಿದ್ರ ಮುಂಜಾನಿಂದ ಸಂಜಿತನಕ ಪಡಸಾಲ್ಯಾಗ ಕಂಬಕ ಆತು ಕುಂದರಾಂವ. ಹಿಂಗಾಗಿ ಅಣ್ಣನ ಗಂಡ ಹುಡುಗರು "ಕಾಕಾ, ಕಾಕಾ" ಅಂತ ನನ್ನ ಬೆನ್ನಿಗೆ ಜೋತು ಬೀಳತಿದ್ರು, ನನ್ನ ಮಗಳು ಅಣ್ಣನ ತೊಡಿ ಮ್ಯಾಲ ಕುಂತು ಅವನ ಅಂಗಿ ಗುಂಡಿ ಚೀಪತಿದ್ಲು. ನಾನು ಬಾಗಲ ಮರಿಗೆ ನಿಂತು ನೋಡತಿದ್ನಿ.

ನೋಡ್ಕೊಂತ ನಿಂದ್ರಾಕ ಟೈಮೂ ಇರಲಿಲ್ಲ. ಜೂನದಾಗ ಸಾಲಿ ಸುರು. ನನಗ ಹುಕ್ಕೇರಿ ತಾಲೂಕಿನ ದಡ್ಡಿಗೆ ಹಾಕಿದ್ರು. ಮದವಿಯಾದ ಮ್ಯಾಲ ನಾನೂ ಶಾಂತವ್ವನೂ ಒಂದ ಕಡೆ ಇದ್ದದ್ದ ಕಡಿಮಿ. ದಡ್ಡ್ಯಾಗ ಒಂದು ಸಣ್ಣ ಮನಿ ಹಿಡಿದು, ಮೂರೂ ಮಂದಿ ಕೂಡಿ ಇರಬೇಕು ಅಂತ ನನ್ನ ಜೀವ ಹಂಬಲಸತಿತ್ತು. ಆದ್ರ ಶಾಂತವ್ವ ಸಾಫ್ ಹೇಳಿಬಿಟ್ಲು.

"ಅಲ್ಲಿ ಅತ್ತಿ ಇಲ್ಲ, ನೆಗೆಣ್ಣಿ ಇಲ್ಲ. ನಾ ನೀರಿಗೆ ಹೋದ್ರ, ಒಲಿ ಮುಂದ ಕುಂತ್ರ, ಕೂಸನ್ನ ಹಿಡಿಯಾವ್ರು ನೀವೊಬ್ರ. ಅಕಿ ನಿಮ್ಮ ಕಡೆ ಬರೂತನಕ ನಾ ದಡ್ಡಿಗೆ ಬರಾಂಗಿಲ್ರಿ. ನೀವೊಬ್ರ ಹೋಗಿ, ನೀವ ರೊಟ್ಟಿ ಬಡಕೊಂಡು ತಿನ್ರಿ."

ನನಗ ರೊಟ್ಟಿ ಬಡಿಯಾಕ ಬರತಿರಲಿಲ್ಲ. ಮನಶ್ಶಾಸ್ತ್ರ ಅಷ್ಟ ಬರತಿತ್ತು.

ಸರಿ, ಕೆಲಸಕ್ಕ ಹತ್ತಿದ್ನಿ. ನಮ್ಮೂರ ಕಟ್ಟಿಗಿ ಗೊಂಬಿ, ಕಟ್ಟಿಗಿ ಹಣ್ಣು ನಾಡಿಗೆಲ್ಲಾ ಹೆಸರಾದವು. ಪ್ಯಾಟಿಗೆ ಹೋಗಿ ಒಂದು ಮಾವಿನ ಹಣ್ಣು ತಂದ್ನಿ, ಎಂಥಾ ಬಣ್ಣ ಅಂತೀರಿ, ನೊಣ ಬಂದು ಕುಂದರಬೇಕು. 'ಬಣ್ಣದ ವಸ್ತುಗಳು ಶಿಶುವಿನ ಚಿತ್ತವನ್ನು ಆಕರ್ಷಿಸುತ್ತವೆ' ಅಂತ ಪರೀಕ್ಷಾದಾಗ ನಾನ ಬರದಿದ್ನಿ. ಅಪ್ಪ ಹೊರಗ ಹೋದಾಗ ಅಕಿ ಮುಂದ ಹಿಡಿದ್ನಿ. ಆಕರ್ಷಿಸ್ತು. ಅಕಿ ತಾನ ಹರಕೊಂತ ಬಂದು, ನನ್ನ ಕೈಯಾಗಿಂದ ಹಣ್ಣು ಇಸಗೊಂಡು, ಹೊಸದಾಗಿ ಮೂಡಿದ ಹಲ್ಲಿಂದ ಕಟಮ್ ಅಂತ ಕಚ್ಚಿದ್ಲು. ಹಿಂದಿನ ದಿನನ ಅವ್ವ ಅಕಿಗೆ ಖರೇ ಮಾವಿನ ಹಣ್ಣಿನ ರುಚಿ ತೋರಿಸಿದ್ಲು. ಅತ್ತಿದ್ರ ನಾ ತಾಳಕೊಳ್ಳತಿದ್ನಿ. ಅಳಲಿಲ್ಲ. ಹಣ್ಣು ನೋಡಿದ್ಲು, ನನ್ನ ಮಾರಿ ನೋಡಿದ್ಲು, ಹಣ್ಣು ಒಗದು ತಿರುಗಿ ಹರಕೊಂತ ಹೋಗಿಬಿಟ್ಲು.

"ಇಷ್ಟ ದಿನ ಗುರ್ತಿಲ್ಲದಾಂವ ಇದ್ರಿ," ಅಂದ್ಲು ಶಾಂತವ್ವ. "ಈಗ ಸುಳ್ಳ ಹೇಳಾಂವ ಅಂತ ಗುರ್ತಾತು."

ಅಲ್ಲಿಗೆ ನಾನು ಶಾಸ್ತ್ರದ ಎರಡನೇ ಪಾಠಕ್ಕ ಬಂದ್ನಿ: ವೀಕ್ಷಣೆ. ಕೂಸು ಯಾರ ಕಡೆ ಹೋಗತೈತಿ, ಯಾಕ ಹೋಗತೈತಿ, ನೋಡಬೇಕು. ನೀಲವ್ವ ಎಲ್ಲಾರಕಿಂತ ಹೆಚ್ಚು ಹೋಗೂದು ನಮ್ಮಪ್ಪನ ಕಡೆ. ಅಪ್ಪ ಅಕಿನ್ನ ಕರಿಯಾಂವೂ ಅಲ್ಲ, ಆಡಸಾಂವೂ ಅಲ್ಲ. ಸುಮ್ಮ ಕುಂತಿರತಿದ್ದ. ಅಕಿ ಹರಕೊಂತ ಹೋಗಿ, ಅವನ ಮೊಳಕಾಲ ಹಿಡಿದು ಎದ್ದು ನಿಂತು, ಮ್ಯಾಲ ನೋಡಿ ನಗತಿದ್ಲು. ಮ್ಯಾಲ ಏನೈತಿ? ಕೆಂಪು ರುಮಾಲ. ಬಣ್ಣದ ವಸ್ತು! ನನಗ ಶಾಸ್ತ್ರ ತಾನ ಬಂದು ಕೈಗೆ ಸಿಕ್ಕಂಗಾತು.

"ರುಮಾಲ ನೋಡಿ ಹೋಗ್ತಾಳನ್ರಿ ಅಕಿ?" ಅಂತ ಶಾಂತವ್ವ ಕೊಡ ತಗೊಂಡು ನೀರಿಗೆ ಹೊರಟಾಕಿ ನಿಂತು ಕೇಳಿದ್ಲು. "ಮುತ್ಯಾ ಇದ್ದಲ್ಲೇ ಇರ್ತಾರ, ಅದಕ್ಕ ಹೋಗ್ತಾಳ."

"ನಿನಗ ತಿಳಿಯಾಂಗಿಲ್ಲ. ಇದು ಓದಿದವರ ವಿಷಯ," ಅಂದ್ನಿ ನಾನು.

ಅಕಿ ನೀರಿಗೆ ಹೋದ್ಲು. ಅಪ್ಪ ರುಮಾಲ ಗೂಟಕ್ಕ ತೂಗಹಾಕಿ ಜಳಕಕ್ಕ ಹೋಗಿದ್ದ. ಜಳಕ ಆದ ಮ್ಯಾಲ ಲಿಂಗಪೂಜಿ. ಪೂಜಿಗೆ ಕುಂತ್ರ ಮನಿ ಬಿದ್ರೂ ಏಳಾಂವ ಅಲ್ಲ. ಅಣ್ಣ ಬಜಾರದಾಗ ಬೆಲ್ಲದ ಅಂಗಡ್ಯಾಗ, ಅಣ್ಣನ ಹೆಂಡತಿ ಹುಡುಗರನ್ನ ಕರಕೊಂಡು ಹೊಲದಾಗ, ಅವ್ವ ಅಡಗಿಮನ್ಯಾಗ. ಇಂಥಾ ಮುಹೂರ್ತ ಮತ್ತ ಸಿಗಾಂಗಿಲ್ಲ ಅಂತ ನಾನು ರುಮಾಲ ಇಳಿಸಿ ತಲಿಗೆ ಸುತ್ತಿದ್ನಿ. ಅಪ್ಪನ ಕಂಬಳಿ ಹೊದ್ದುಕೊಂಡು, ಅಪ್ಪನ ಜಾಗಾದಾಗ ಕಂಬಕ ಆತು ಕುಂತ್ನಿ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಅಪ್ಪನ ರುಮಾಲ ಮಗನ ತಲಿಗೆ ಬರೂದು ಒಂದ ಸಲ, ಅಪ್ಪನ್ನ ಮಣ್ಣಿಗಿಟ್ಟು ಬಂದ ಮ್ಯಾಲ. ಇದು ನಮ್ಮ ಓಣ್ಯಾಗ ಮೂಗು ಸುರಸೂ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು. ಆದ್ರ ಆ ಹೊತ್ತಿನ್ಯಾಗ ನನ್ನ ತಲ್ಯಾಗ ಮನಶ್ಶಾಸ್ತ್ರ ಬಿಟ್ಟು ಬ್ಯಾರೆ ಏನಕ್ಕೂ ಜಾಗಾ ಇರಲಿಲ್ಲ.

ನೀಲವ್ವ ರುಮಾಲ ನೋಡಿದ್ಲು. ಬಂದ್ಲು! ಭರಭರ ಹರಕೊಂತ ಬಂದು, ನನ್ನ ಮೊಳಕಾಲ ಹಿಡಿದು ಎದ್ದು ನಿಂತ್ಲು. ನನ್ನ ಮಗಳ ಕೈ ನನ್ನ ಮೈಗೆ ತಾಗಿದ್ದು ಅದ ಮೊದಲ. ಎಷ್ಟು ಸಣ್ಣ ಕೈ, ಎಷ್ಟು ಬಿಸಿ. ನಾನು ಉಸರ ಬಿಗಿಹಿಡಿದು ಕುಂತ್ನಿ. ಅಕಿ ನಕ್ಕೋತ ತಲಿ ಎತ್ತಿದ್ಲು. ರುಮಾಲ ಮುತ್ಯಾಂದು, ಕಂಬಳಿ ಮುತ್ಯಾಂದು, ನಡುವ ಮಾರಿ ಮಾತ್ರ ಕಟ್ಟಿಗಿ ಹಣ್ಣಿನವಂದು. ಕೆಳಗಿನ ತುಟಿ ಹೊರಗ ಬಂತು.

ಆ ಚೀರಾಟಕ್ಕ ಅವ್ವ ಹಿಟ್ಟಿನ ಕೈಲೆ ಓಡಿ ಬಂದ್ಲು. ನನ್ನ ತಲಿ ನೋಡಿದ್ಲು. ಹಣಿ ಹಣಿ ಬಡಕೊಂಡು, "ಅಯ್ಯ ನನ್ನ ಶಿವನ, ಅಪ್ಪನ ರುಮಾಲ ಸುತಗೊಂಡು ಕುಂತೀಯಲ್ಲೋ, ನನ್ನ ಕುಂಕುಮಾ ನೋಡಾಕ ಆಗವಲ್ದೇನೋ ನಿನಗ" ಅಂತ ಅಳಾಕ ಹತ್ತಿದ್ಲು. ಅದ ಹೊತ್ತಿಗೆ ಬಾಜೂ ಮನಿ ತಂಗೆವ್ವ ಮಜ್ಜಿಗಿ ಇಸಗೊಂಡು ಹೋಗಾಕ ತಂಬಿಗಿ ಹಿಡಕೊಂಡು ಹೊಸ್ತಲಾಗ ನಿಂತಿದ್ಲು. ಅಕಿಗೆ ಕಂಡದ್ದಿಷ್ಟು: ಕೂಸು ಅಳತೈತಿ, ಮುದುಕಿ ಹಣಿ ಬಡಕೊಳ್ಳಾಕತ್ತಾಳ, ಮುದುಕ ಕುಂದರೂ ಜಾಗಾದಾಗ ಮಗಾ ರುಮಾಲ ಸುತಗೊಂಡು ಕುಂತಾನ, ಮುದುಕ ಮಾತ್ರ ಎಲ್ಲೂ ಇಲ್ಲ. ತಂಬಿಗಿ ಅಲ್ಲೇ ಒಗದು ಹಿಂದಕ್ಕ ಓಡಿದ್ಲು.

ನಾನು ಗಾಬರಿಯಾಗಿ ರುಮಾಲ ತಗಿಯಾಕ ಹೋದ್ನಿ. ಅದು ಬಿಚ್ಚಿದಷ್ಟೂ ಬಿಚ್ಚಿಕೊಂಡು ನನ್ನ ಕುತಗಿಗೂ ಕಂಬಕ್ಕೂ ಸುತ್ತಿಕೊಂಡ್ತು. ಅದನ್ನ ಬಿಡಿಸಿಕೊಳ್ಳೂದ್ರಾಗ ಓಣಿ ಮಂದಿ ಎಲ್ಲಾ ಒಳಗ ಬಂದಿತ್ತು. ಹೆಂಗಸರು ಬಂದಾವ್ರ ಅವ್ವನ್ನ ತಬ್ಬಿಕೊಂಡು ಅತ್ರು. ಅವ್ವಗ ಹೇಳಾಕ ಬಾಯಿ ಬಿಡಗೊಡಲಿಲ್ಲ. ಗಂಡಸರು ಹೊರಗ ನಿಂತು ಬಿದಿರ ಯಾರ ಮನ್ಯಾಗ ಸಿಗತಾವ ಅಂತ ಮಾತಾಡಾಕತ್ರು. ಅಣ್ಣ ಅಂಗಡಿ ಹಂಗ ಬಿಟ್ಟು ಬರಿಗಾಲಿಲೆ ಓಡಿ ಬಂದು, "ಯಪ್ಪಾ, ನಿನ್ನೆ ರಾತ್ರಿ ಜೋಡೀನ ಉಂಡಿದ್ವಲ್ಲೋ" ಅಂತ ನನ್ನ ಹೆಗಲಮ್ಯಾಲ ಬಿದ್ದ.

ಅಷ್ಟರಾಗ ದೇವರ ಖೋಲಿ ಬಾಗಲಾ ತಗೀತು. ನಮ್ಮಪ್ಪ ಹಣಿ ತುಂಬ ವಿಭೂತಿ ಹಚಗೊಂಡು, ಬರಿ ತಲಿಲೆ ಹೊರಗ ಬಂದ. ಮಂದಿ ನೋಡಿ ಅವನ ಮಾರಿ ಸಣ್ಣದಾತು.

"ಯಾರ ಹೋದ್ರು?" ಅಂತ ಮೆತ್ತಗ ಕೇಳಿದ.

ಬಾಗಲ ಕಡೆ ಮಾರಿ ಮಾಡಿ ನಿಂತಿದ್ದ ಒಬ್ಬ ಹಿರಿಯಾ ತಿರುಗಿ ನೋಡದ, ಕಣ್ಣ ಒರಸಿಕೊಂತ, "ನೀವ ರೀ, ಗೌಡ್ರ" ಅಂದ.

ಮನಿ ಗಪ್ ಆತು. ಆ ಗಪ್‌ದಾಗ ನೀಲವ್ವ ಅಪ್ಪನ್ನ ನೋಡಿ ಎರಡೂ ಕೈ ಮ್ಯಾಲ ಎತ್ತಿದ್ಲು. ರುಮಾಲ ನನ್ನ ಕುತಗ್ಯಾಗ ಜೋತಾಡತಿತ್ತು, ಅದನ್ನ ಅಕಿ ತಿರುಗಿ ಸುದ್ಧಾ ನೋಡಲಿಲ್ಲ. ಬರಿ ತಲಿ, ಕೂದಲಿಲ್ಲದ ತಲಿ. ಅಪ್ಪ ಅಕಿನ್ನ ಎತ್ತಿಕೊಂಡ. ನನ್ನ ಎರಡನೇ ಪಾಠಾನೂ ಅಲ್ಲಿಗೆ ಮುಗೀತು.

ಆದ್ರ ಓಣಿ ಮಂದಿ ಬಿಡಬೇಕಲ್ಲ. ಅಪ್ಪನ ಸುತ್ತ ಮುಕರಿ, ಕೈ ಮುಟ್ಟಿ ನೋಡಾವ್ರು, ಕಾಲ ಬೀಳಾವ್ರು, ಮತ್ತ ಹೊಸದಾಗಿ ಅಳಾವ್ರು. ಎಲ್ಲಾ ಗುರ್ತಿಲ್ಲದ ಮಾರಿ. ನೀಲವ್ವ ನಡಗಾಕತ್ಲು. ಹೊರಗಿನ ಮಂದಿಗೆ ತಾನು ಜೀವಂತ ಇದ್ದದ್ದನ್ನ ತೋರಸಾಕ ಅಪ್ಪ ಮನಿ ಮುಂದಿನ ಕಟ್ಟಿ ಮ್ಯಾಲ ಹೋಗಿ ನಿಂದರಲೇಬೇಕಾಗಿತ್ತು. ಅವ್ವ ಹೆಂಗಸರ ನಡುವ ಸಿಕ್ಕಿಬಿದ್ದಿದ್ಲು, ಅಣ್ಣ ಮಂದಿಗೆ ಹೇಳಾಕ ಆಗಲೇ ಹೊರಗ ಓಡಿದ್ದ. ಅಪ್ಪ ಸುತ್ತ ನೋಡಿ, ನೆಟ್ಟಗ ನನ್ನ ಮುಂದ ಬಂದು, "ಹಿಡಿ" ಅಂದ.

"ಯಪ್ಪಾ, ಎಲ್ಲಾರೂ ಅದಾರ," ಅಂದ್ನಿ ನಾನು.

"ನಾನ ಸತ್ತೇನಂತ. ನನ್ನ ಮುಂದ ಏನ ನಾಚಿಕಿ ನಿನಗ? ಹಿಡಿ."

ಹಿಡಿದ್ನಿ. ಅಕಿ ಚೀರೂ ತಯಾರಿಲೆ ಬಾಯಿ ತಗದ್ಲು. ಅತ್ತ ಇತ್ತ ನೋಡಿದ್ಲು. ಅತ್ತ ತಂಗೆವ್ವ, ಇತ್ತ ಹೆಂಗಸರು, ಬಾಗಲ ತುಂಬ ಮೀಸಿ. ಅಷ್ಟೂ ಮಂದ್ಯಾಗ ಅಕಿಗೆ ದಿನಾ ಕಾಣೂ ಮಾರಿ ಇದ್ದದ್ದು ಒಂದ, ಸುಳ್ಳ ಹೇಳಾಂವಂದು. ಬಾಯಿ ಮುಚ್ಚಿ, ನನ್ನ ಕುತಗ್ಯಾಗ ಮೂಗು ತುರುಕಿ, ರುಮಾಲಿನ ಚುಂಗು ಗಟ್ಟಿ ಹಿಡಕೊಂಡ್ಲು. ಅಕಿ ಎದಿ ಹಕ್ಕಿಗತೆ ಹೊಡಕೊಳ್ಳೂದು ನನ್ನ ಎದಿಗೆ ತಿಳೀತಿತ್ತು. ಸಾವಕಾಶ ಅದು ತಣ್ಣಗಾತು, ಆಮ್ಯಾಲ ನಿದ್ದಿ ಹತ್ತಿತು. ನಾನು ಅಳ್ಳಾಡದ ನಿಂತ್ನಿ. ನನಗ ಅಷ್ಟು ಸುಖ ಮತ್ತ ಯಾವತ್ತೂ ಆಗಿಲ್ಲ.

ಶಾಂತವ್ವ ಕೊಡ ಹೊತ್ತು ಬಂದಾಕಿ ಮನಿ ಮುಂದಿನ ಮಂದಿ ನೋಡಿ ಎದಿ ಒಡಕೊಂಡು ಒಳಗ ಓಡಿ ಬಂದ್ಲು. ನನ್ನ ಹೆಗಲ ಮ್ಯಾಲ ಮಲಗಿದ ಮಗಳನ್ನ ನೋಡಿದ್ಲು, ನನ್ನ ಕುತಗ್ಯಾಗಿನ ರುಮಾಲ ನೋಡಿದ್ಲು. ಕೊಡ ಇಳಿಸೂದನ್ನೂ ಮರತು ನಿಂತ್ಲು.

ಮಂದಿ ಕರಗಿದ ಮ್ಯಾಲ ಅಪ್ಪ ತನ್ನ ಜಾಗಾಕ್ಕ ಬಂದು ಕುಂತ. ನಾನು ನಾಚಿ, ಕೂಸನ್ನ ಶಾಂತವ್ವನ ಕೈಗೆ ಕೊಡಾಕ ಹೋದ್ನಿ.

"ಇರಲಿ. ಎಬ್ಬಸಬ್ಯಾಡ," ಅಂದ ಅಪ್ಪ, ನನ್ನ ಕಡೆ ನೋಡದ. ಕಂಬಕ ಬೆನ್ನ ಹಚ್ಚಿ ಅಂದ, "ನಮ್ಮಪ್ಪ ಇರೂತನಕ ನಿನ್ನ ನಾ ಒಂದ ದಿನ ಎತ್ತಿಕೊಳ್ಳಲಿಲ್ಲ. ಅಂವ ಹೋದ ಮ್ಯಾಲ ಎತ್ತಬೇಕಂದ್ರ, ನೀ ಚಕ್ಕಡಿ ಹೂಡೂವಷ್ಟು ದೊಡ್ಡಾಂವ ಆಗಿದ್ದಿ."

ನಾನು ಕೂಸನ್ನ ಇನ್ನೊಂದೀಟ ಎದಿಗೆ ಒತ್ತಿಕೊಂಡ್ನಿ. ಅಪ್ಪ ಅದನ್ನ ನೋಡಿದ.

"ಇನ್ನೊಮ್ಮಿ ನನ್ನ ರುಮಾಲ ಮುಟ್ಟಿದ್ರ ಮಾತ್ರ ಕೈ ಮುರೀತೀನಿ," ಅಂದ.

ಜೂನದಾಗ ನಾವು ಮೂರೂ ಮಂದಿ ಬಸ್ ಹತ್ತಿದ್ವಿ. ನೀಲವ್ವ ನನ್ನ ತೊಡಿ ಮ್ಯಾಲ ರಾಣಿಗತೆ ಕುಂತಿದ್ಲು. ಕಂಡಕ್ಟರ ತಿಕೀಟ ಹರಕೊಂತ, "ಕೂಸು ಯಾರದ್ರಿ?" ಅಂದ. "ನಂದ," ಅಂದ್ನಿ ನಾನು, ಬಸ್ಸಿಗೆಲ್ಲಾ ಕೇಳೂ ಹಂಗ. ಆವಾಗ ನೀಲವ್ವ ನನ್ನ ಗದ್ದ ಹಿಡಿದು, ನನ್ನ ಕಣ್ಣಾಗ ಕಣ್ಣಿಟ್ಟು, ಅಕಿ ಜನ್ಮದಾಗ ಮೊದಲನೇ ಸಲ ನನ್ನ ಕರದ್ಲು.

"ಕಾಕಾ."

ಕಂಡಕ್ಟರ ನನ್ನ ನೋಡಿದ, ಶಾಂತವ್ವನ್ನ ನೋಡಿದ, ಸುಮ್ಮ ಮುಂದಿನ ಸೀಟಿಗೆ ಹೋದ. ಶಾಂತವ್ವ ಹುಕ್ಕೇರಿ ಬರೂತನಕ ಸೆರಗ ಬಾಯಾಗ ತುರಕೊಂಡು ನಕ್ಲು. ದಡ್ಡ್ಯಾಗ ತಿದ್ದಾಕ ನೋಡಿದ್ನಿ. "ಅಪ್ಪಾ ಅನ್ನು" ಅಂದ್ರ, ಅಷ್ಟರಾಗ ಅಕಿ ಎರಡನೇ ಮಾತು ಕಲತಿದ್ಲು: "ವಲ್ಲೆ."

ನಾನು ಇವತ್ತಿಗೂ ಕಾಕಾನ. ಅಪ್ಪ ಹೋದಾಗ ಅಣ್ಣನ ತಲಿಗೆ ರುಮಾಲ ಸುತ್ತಿದ್ರು. ಅಪ್ಪನ ಇನ್ನೊಂದು ಹಳೇ ರುಮಾಲ ನಾನು ಇಸಗೊಂಡು ಬಂದು ಟ್ರಂಕಿನ್ಯಾಗ ಇಟ್ಟೇನಿ. ಬಾಣಂತನ ಮುಗಿಸಿ ಗಂಡನ ಮನಿಗೆ ಹೋಗಿದ್ದ ನೀಲವ್ವ ಮೊನ್ನೆ ಚೊಚ್ಚಲ ಮಗನ್ನ ಕರಕೊಂಡು ತಿರುಗಿ ಬಂದಿದ್ಲು. ಕೂಸು ಅಂಬೆಗಾಲಿಡತೈತಿ. ನಾನು ಬಾಗಲಾಗ ನಿಂತು, ನಕ್ಕೋತ, ಎರಡೂ ಕೈ ಚಾಚಿದ್ನಿ. ಅಂವ ತಲಿ ಎತ್ತಿ ನೋಡಿದ. ಕೆಳಗಿನ ತುಟಿ ಸಾವಕಾಶ ಹೊರಗ ಬಂತು.

"ಅಳಬ್ಯಾಡೋ, ನಮ್ಮ ಕಾಕಾ ಅವರು," ಅಂದ್ಲು ನೀಲವ್ವ.

"ಶಾಸ್ತ್ರದ ಪ್ರಕಾರ ಇದು ಸರಿ..." ಅಂತ ನಾ ಸುರು ಮಾಡಿದ್ನಿ.

ಒಳಗಿಂದ ಶಾಂತವ್ವನ ದನಿ ಬಂತು. "ಟ್ರಂಕಿನ್ಯಾಗಿನ ರುಮಾಲ ತಂದು ಕೊಡ್ಲೇನ್ರಿ?"

ಕೂಸಿನ ಅಳು ಏರತಿತ್ತು. ನಾನು ಒಂದೀಟ ವಿಚಾರ ಮಾಡಿ, "ತಾ," ಅಂದ್ನಿ.