ಸೈಬರಿನೊಳಗೆ ನಾಲ್ಕು ಕೊಡೆ

ಗೋಳಿಬಜೆ ಸುತ್ತಿದ ಕಾಗದವನ್ನು ಹಾಗೆಯೇ ಮುದ್ದೆ ಮಾಡಿ ಬಿಸಾಡಿದ್ದರೆ ಅಸ್ಕರ್‌ನ ಆ ಶುಕ್ರವಾರ ಉಳಿದ ಶುಕ್ರವಾರಗಳ ಹಾಗೆ ಸುಖವಾಗಿ ಕಳೆಯುತ್ತಿತ್ತು. ಆದರೆ ಅದನ್ನು ತಂದವನು ಕೆಳಗಿನ ಹೋಟೆಲಿನ ರುಕ್ಮಯ್ಯ. ತಿಂಡಿ ಆರಿದರೂ ಪರವಾಗಿಲ್ಲ, ಸುದ್ದಿ ಆರಬಾರದು ಎನ್ನುವ ಮನುಷ್ಯ.

“ಬಜೆ ಆಮೇಲೆ ತಿನ್ನು ಮಾರಾಯ. ಮೊದಲು ಈ ಕಾಗದ ಓದು.”

ಅಸ್ಕರ್ ಬಾಯಲ್ಲಿದ್ದದ್ದನ್ನು ನುಂಗಿ ಕಾಗದ ಬಿಡಿಸಿದ. ಎಣ್ಣೆ ಕುಡಿದ ಪತ್ರಿಕೆಯ ತುಂಡು. ಸೈಬರ್ ಅಂಗಡಿಗಳಿಗೆ ಸರಕಾರದ ಹೊಸ ನಿಯಮ ಬಂದಿತ್ತು. ಕ್ಯಾಬಿನ್ನಿಗೆ ಬಾಗಿಲು ಇರಬಾರದು, ಪರದೆ ಇರಬಾರದು. ಬಂದವರ ಗುರುತಿನ ಚೀಟಿ ನೋಡಿಯೇ ಒಳಗೆ ಬಿಡಬೇಕು. ಕ್ಯಾಬಿನ್ನಿನ ಹಲಗೆ ಇಷ್ಟು ಅಡಿಗಿಂತ ಎತ್ತರ ಇದ್ದರೆ ಲೈಸೆನ್ಸ್ ರದ್ದು. ಎಷ್ಟು ಅಡಿ? ಸರಿಯಾಗಿ ಆ ಜಾಗದಲ್ಲಿ ಕಾಗದ ತೂತಾಗಿತ್ತು. ಅಂಕಿ ಒಂದು ಗೋಳಿಬಜೆಗೆ ಅಂಟಿಕೊಂಡು ಹೋಗಿತ್ತು. ಆ ಗೋಳಿಬಜೆಯನ್ನು ಅಸ್ಕರ್ ಈಗಷ್ಟೇ ನುಂಗಿದ್ದ.

“ಇದೆಲ್ಲ ಬೆಂಗಳೂರಿನವರಿಗೆ ರುಕ್ಮಯ್ಯಣ್ಣ. ಬೆಳ್ತಂಗಡಿಗೆ ಯಾರು ಬರ್ತಾರೆ?”

“ಬಂದಾಯ್ತು! ಬೆಳಿಗ್ಗೆ ಒಬ್ಬ ನನ್ನಲ್ಲಿ ಚಾ ಕುಡಿದು ಹೋದ. ಇನ್‌ಶರ್ಟ್ ಮಾಡಿದ್ದಾನೆ, ಈ ಮಳೆಯಲ್ಲಿ ಶೂ ಹಾಕಿದ್ದಾನೆ. ಮೇಲಿನ ಕಂಪ್ಯೂಟರ್ ಅಂಗಡಿಗೆ ಯಾರೆಲ್ಲ ಬರ್ತಾರೆ, ಎಷ್ಟು ಹೊತ್ತು ಕೂತ್ಕೊಳ್ತಾರೆ ಅಂತ ಕೇಳಿದ. ಸಂಜೆ ಬರ್ತೇನೆ ಅಂತ ಹೇಳಿದ್ದಾನೆ. ಅವನು ಸಿಐಡಿ ಅಲ್ಲದಿದ್ರೆ ನನ್ನ ಹೆಸರು ಬದಲಿಸು.”

ಅಸ್ಕರ್ ಕೂಡಲೇ ಆಚಾರಿಗೆ ಹೇಳಿ ಕಳಿಸಿದ.

ಅಸ್ಕರ್‌ನ ಸೈಬರ್ ಇದ್ದ ಕೋಣೆಯಲ್ಲಿ ಮೊದಲು ಅವನ ಎಸ್‌ಟಿಡಿ ಬೂತ್ ಇತ್ತು. ಊರಿಗೆ ಮೊಬೈಲ್ ಬಂದದ್ದೇ ಬೂತಿಗೆ ನೊಣ ಮಾತ್ರ ಬರತೊಡಗಿತು. ಅದರ ಗಾಜಿನ ಪೆಟ್ಟಿಗೆ ಈಗ ಅವನ ಮನೆಯ ಹಿತ್ತಿಲಲ್ಲಿ ಕೋಳಿಗೂಡು. ಆಮೇಲೆ ನಾಲ್ಕು ಕಂಪ್ಯೂಟರ್ ತಂದು, ಆಚಾರಿ ಹುಕ್ರಪ್ಪನಿಂದ ಪ್ಲೈವುಡ್ಡಿನ ನಾಲ್ಕು ಕ್ಯಾಬಿನ್ ಮಾಡಿಸಿ, ಹೂವಿನ ಪರದೆ ತೂಗಿಸಿದ್ದ. ವಾರದ ಆರು ದಿನ ಅಲ್ಲಿ ಕಾಲೇಜು ಹುಡುಗರು ರಿಸಲ್ಟ್ ನೋಡಿ ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದರು, ಅಷ್ಟೆ. ಅಂಗಡಿ ಉಸಿರಾಡುತ್ತಿದ್ದದ್ದು ಶುಕ್ರವಾರ. ಅಂದು ಗಲ್ಫಿನಲ್ಲಿ ರಜೆ. ಅಲ್ಲಿ ಗಂಡಂದಿರು ಜುಮಾ ನಮಾಜು ಮುಗಿಸಿ ಊಟ ಮಾಡಿ ಕ್ಯಾಮರಾದ ಮುಂದೆ ಕೂರುವಾಗ ಇಲ್ಲಿ ಸಂಜೆಯ ಚಾದ ಹೊತ್ತು. ಚಾರ್ಮಾಡಿ, ಉಜಿರೆ, ಗುರುವಾಯನಕೆರೆಯಿಂದ ಹೆಂಗಸರು ಬಸ್ಸು ಹಿಡಿದು ಬರುತ್ತಿದ್ದರು. ಮಗುವಿಗೆ ಹುಟ್ಟಿದ ಹಲ್ಲು, ಅತ್ತೆಯ ಊದಿದ ಮೊಣಕಾಲಿನ ಫೋಟೋ, ಒಮ್ಮೆ ಮನೆಯ ಹೊಸ ಹುಂಜ, ಎಲ್ಲವನ್ನೂ ಪರದೆಯೊಳಗೆ ಗಂಡನಿಗೆ ತೋರಿಸಿ, ಅತ್ತು ನಕ್ಕು ಹೋಗುತ್ತಿದ್ದರು. ಶುಕ್ರವಾರ ಹೋದರೆ ಅಂಗಡಿಯೇ ಹೋದ ಹಾಗೆ.

ಹುಕ್ರಪ್ಪ ಗರಗಸ ಹಿಡಿದು ಬಂದು, ತಾನೇ ಸಾಕಿದ ಕೋಳಿಯನ್ನು ಕೊಯ್ಯಲು ಹೇಳಿದವರ ಮುಖ ನೋಡುವಂತೆ ಅಸ್ಕರ್‌ನ ಮುಖ ನೋಡಿದ.

“ಕಡಿಯುವ. ಆದ್ರೆ ಎಷ್ಟಕ್ಕೆ?”

“ಅದು ಅವನ ಹೊಟ್ಟೆಯಲ್ಲಿ ಉಂಟು” ಎಂದ ರುಕ್ಮಯ್ಯ. ಹೋಟೆಲಿನಲ್ಲಿ ದೋಸೆ ಕಾವಲಿಗೆ ಅಂಟುತ್ತಿದ್ದರೂ ಅವನಿಗೆ ಇಲ್ಲಿಂದ ಕದಲಲು ಮನಸ್ಸಿಲ್ಲ. “ಲೆಕ್ಕ ಸುಲಭ. ಕೂತವರ ತಲೆ ಹೊರಗಿನಿಂದ ಕಾಣ್ಬೇಕು. ನಾನು ಕೂತ್ಕೊಳ್ತೇನೆ, ನೀನು ಗೆರೆ ಎಳಿ.”

ಅಸ್ಕರ್ ಪರದೆಗಳನ್ನು ಬಿಚ್ಚಿದ. ರುಕ್ಮಯ್ಯ ಕುಳಿತ, ಹುಕ್ರಪ್ಪ ಗೆರೆ ಎಳೆದು ಕೊಯ್ದ. ನಾಲ್ಕು ಕ್ಯಾಬಿನ್ ಮುಗಿದ ಮೇಲೆ ಅಸ್ಕರ್‌ಗೆ ನೆನಪಾಯಿತು.

“ಅಯ್ಯೋ, ರುಕ್ಮಯ್ಯಣ್ಣ ತೆಂಗಿನಮರದ ಹಾಗೆ ಇದ್ದಾರೆ. ಚಾರ್ಮಾಡಿಯ ಆ ಗಿಡ್ಡ ಜಸ್ನಾ ಇದ್ರ ಹಿಂದೆ ಕೂತ್ರೆ ಕುರ್ಚಿ ಖಾಲಿ ಅಂತ ಕಾಣ್ತದೆ!”

ಮತ್ತೆ ಕೊಯ್ದದ್ದಾಯಿತು. ಒಂದು ಹಲಗೆ ಓರೆಯಾಯಿತು. ಅದಕ್ಕೆ ಸರಿಹೊಂದಿಸಲು ಉಳಿದವನ್ನೂ ಇಳಿಸಿದರು. ಆಗ ಮತ್ತೊಂದು ಓರೆಯಾಯಿತು. ಮಕ್ಕಳ ಕೂದಲನ್ನು ಮನೆಯಲ್ಲೇ ಕತ್ತರಿಸಲು ಕೂತ ತಾಯಂದಿರಿಗೆ ಈ ಕಷ್ಟ ಗೊತ್ತು. ಎಡ ಬಲ ಸರಿ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಬೋಳು ತಲೆ. ಅಸ್ಕರ್ ಟೊಪ್ಪಿಯ ಮೇಲೆ ಮರದ ಹುಡಿ ಹೊತ್ತುಕೊಂಡೇ ಜುಮಾಕ್ಕೆ ಹೋಗಿ ಬರುವಷ್ಟರಲ್ಲಿ, ಹಲಗೆಗಳು ಅಂಬೆಗಾಲಿಡುವ ಮಗು ದಾಟದಂತೆ ಬಾಗಿಲಿಗೆ ಅಡ್ಡ ಇಡುವ ಮಣೆಯಷ್ಟಾಗಿದ್ದವು.

“ಈಗ ಎಲ್ಲ ಒಂದೇ ಮಟ್ಟ” ಎಂದ ಹುಕ್ರಪ್ಪ. ಕಡಿದ ಹಲಗೆಗಳನ್ನು ಮೂಲೆಗೆ ಒರಗಿಸಿ, ಅವುಗಳ ಬೆನ್ನು ಸವರಿ ಹೋದ.

ಚಾದ ಹೊತ್ತಿಗೆ ಮೆಟ್ಟಿಲಿನಲ್ಲಿ ಚಪ್ಪಲಿಗಳ ಸದ್ದಾಯಿತು. ಮುಂದೆ ಜಸ್ನಾ, ಕಂಕುಳಲ್ಲಿ ನೆಲಕ್ಕೆ ಹಾಕುವ ಒಂದು ಟೈಲ್ಸ್. ಕಟ್ಟುತ್ತಿರುವ ಮನೆಗೆ ಬಣ್ಣ ಆರಿಸುವುದು ಜುಬೈಲಿನಲ್ಲಿರುವ ಗಂಡನ ಕೆಲಸ. ಹಿಂದೆ ಗುರುವಾಯನಕೆರೆಯ ಅಕ್ಕ ತಂಗಿಯರಿಬ್ಬರು. ಎಲ್ಲರ ಹಿಂದೆ ಉಜಿರೆಯ ರಶೀನಾ. ಅವಳ ತೋಳಲ್ಲಿ ಹಳದಿ ಟೊಪ್ಪಿಯ ಮಗು. ಗಂಡ ದಮ್ಮಾಮಿಗೆ ಹೋದ ಮೇಲೆ ಹುಟ್ಟಿದ್ದು. ಬಾಣಂತನ ಮುಗಿಸಿ ಅವಳು ಮನೆಯಿಂದ ಹೊರಟದ್ದು ಇಂದೇ, ಅಪ್ಪ ಮಗುವಿನ ಮುಖ ಮೊದಲ ಬಾರಿ ನೋಡುವುದೂ ಇಂದೇ.

ಜಸ್ನಾ ಬಾಗಿಲಲ್ಲೇ ನಿಂತಳು. “ಅಸ್ಕರಾಕ, ಎಂತ ಇದು? ನಿಮ್ಮ ಗೋಡೆಗಳಿಗೆ ಕಾಯಿಲೆಯಾ?”

“ಸರಕಾರದ ನಿಯಮ ಜಸ್ನಾ. ಮತ್ತೆ... ಎಲ್ಲರೂ ಗುರುತಿನ ಚೀಟಿ ತೋರಿಸ್ಬೇಕು.”

“ಯಾರ ಗುರುತು? ನನ್ನದಾ? ನನ್ನ ಮದುವೆಗೆ ಬಂದು ಎರಡು ಸಲ ಬಿರಿಯಾನಿ ಹಾಕಿಸ್ಕೊಂಡವರು ನೀವು. ಆಗ ಚೀಟಿ ಕೇಳಿದ್ರಾ?”

“ನನಗೆ ಗೊತ್ತುಂಟು. ಸರಕಾರಕ್ಕೆ ಗೊತ್ತಿಲ್ಲ ಅಲ್ವಾ?”

“ಹಾಗಾದ್ರೆ ಕ್ಯಾಮರಾ ಹಾಕಿ. ನಾನು ಯಾರು ಅಂತ ನನ್ನ ಗಂಡನನ್ನೇ ಕೇಳಿ. ಅವರಿಗಿಂತ ದೊಡ್ಡ ಸಾಕ್ಷಿ ಬೇಕಾ?”

ಅಸ್ಕರ್‌ಗೆ ಅದು ಒಳ್ಳೆಯ ಉಪಾಯವೆಂದೇ ಕಂಡಿತು. ಸಂಪರ್ಕ ಸಿಕ್ಕಿತು. “ಇವರು ಯಾರು ಅಂತ ಒಮ್ಮೆ ಹೇಳಿ ಭಾಯಿ” ಎಂದು ಕೇಳಿದ. ಜುಬೈಲಿನಿಂದ ಉತ್ತರ ಬಂತು. “ಕಾಣ್ತಾ ಇಲ್ಲ. ಎಂತದೋ ಟೈಲ್ಸಿನ ಹಾಗೆ ಉಂಟು.” ಜಸ್ನಾ ಟೈಲ್ಸನ್ನು ಎದೆಗೆ ಹಿಡಿದು ನಿಂತಿದ್ದಳು.

ಇಷ್ಟರಲ್ಲಿ ರಶೀನಾಳ ಕಣ್ಣು ತುಂಬಿತ್ತು. “ಇಷ್ಟು ಜನರ ಎದುರು ನಾನು ಅವರ ಹತ್ತಿರ ಹೇಗೆ ಮಾತಾಡುವುದು ಅಸ್ಕರಾಕ? ಮೋನುವನ್ನು ನೋಡಿ ಅವರು ಅತ್ರೆ? ಎಲ್ಲರೂ ನೋಡುದಿಲ್ವಾ?”

ಮೂಲೆಯ ಹಲಗೆಗಳತ್ತ ನೋಡುತ್ತಿದ್ದ ಅಸ್ಕರ್‌ನನ್ನು ಜಸ್ನಾ ಕನಿಕರದಿಂದ ನೋಡಿದಳು. ಆಮೇಲೆ ನೀರು ಸೋರುತ್ತಿದ್ದ ತನ್ನ ಕೊಡೆಯನ್ನು ಪಟ್ಟನೆ ಬಿಚ್ಚಿ ಹೆಗಲಿಗೆ ಒರಗಿಸಿಕೊಂಡು ಕುಳಿತಳು. “ನಿಯಮದಲ್ಲಿ ಹಲಗೆ, ಬಾಗಿಲು, ಪರದೆ ಅಂತ ಉಂಟಲ್ವಾ? ಕೊಡೆ ಅಂತ ಉಂಟಾ?”

ಇರಲಿಲ್ಲ. ಮರುಗಳಿಗೆಯಲ್ಲಿ ಅಂಗಡಿಯೊಳಗೆ ನಾಲ್ಕು ಕರಿ ಕೊಡೆಗಳು ಅಣಬೆಯ ಹಾಗೆ ಅರಳಿದವು. ಒಂದೊಂದರ ಅಡಿಯಿಂದಲೂ ಪಿಸುಮಾತು.

ಅದೇ ಹೊತ್ತಿಗೆ ಮೆಟ್ಟಿಲಿನಲ್ಲಿ ಟಕ್ ಟಕ್ ಶೂ. ಇನ್‌ಶರ್ಟ್, ಕೈಯಲ್ಲಿ ಚರ್ಮದ ಬ್ಯಾಗು. ಹಿಂದಿನಿಂದ ರುಕ್ಮಯ್ಯ ಕಣ್ಣರಳಿಸಿ ‘ಇವನೇ, ಇವನೇ’ ಎಂದು ಸನ್ನೆ ಮಾಡುತ್ತಿದ್ದ.

ಬಂದವನು ಕೊಡೆಗಳನ್ನು ನೋಡಿ, ತಲೆ ಎತ್ತಿ ಕಾಂಕ್ರೀಟಿನ ತಾರಸಿ ನೋಡಿದ.

“ಸ್ವಲ್ಪ ಸೋರ್ತದೆ ಸಾರ್” ಎಂದ ಅಸ್ಕರ್. ಅದರ ಮೇಲೆ ಇನ್ನೂ ಒಂದು ಮಾಳಿಗೆ ಇತ್ತು.

“ಈ ಹೆಂಗಸರೆಲ್ಲ ಯಾರು?”

ಪ್ರಶ್ನೆ ಬಂದೇ ಬಂತು. ತನ್ನ ಗಿರಾಕಿಗಳ ಮರ್ಯಾದೆಯೇ ತನ್ನ ಲೈಸೆನ್ಸು ಎಂದು ಅಸ್ಕರ್‌ಗೆ ಹೊಳೆಯಿತು. ಕುರ್ಚಿ ಹಾಕಿ, ರುಕ್ಮಯ್ಯನಿಂದ ಚಾ ತರಿಸಿ, ಮದುವೆ ದಲ್ಲಾಳಿಯಂತೆ ಶುರುಮಾಡಿದ.

“ಎಲ್ಲ ಒಳ್ಳೆ ಮನೆಯವರು ಸಾರ್. ಅವರು ಚಾರ್ಮಾಡಿ, ಗಂಡ ಜುಬೈಲಿನಲ್ಲಿ ಫೋರ್‌ಮನ್. ಇವರಿಬ್ಬರು ಗುರುವಾಯನಕೆರೆ, ಮಸೀದಿ ಹತ್ತಿರದ ಹಸಿರು ಗೇಟಿನ ಮನೆ. ಆಚೆಯವರು ಉಜಿರೆ. ಗಂಡ ದಮ್ಮಾಮಿನಲ್ಲಿ, ದೊಡ್ಡ ಅಂಗಡಿ.”

“ಪ್ರತಿ ವಾರ ಬರ್ತಾರಾ?”

“ಒಂದು ವಾರ ತಪ್ಪಿಸುದಿಲ್ಲ. ಚಂಡಮಾರುತ ಬಂದ್ರೂ ಬರ್ತಾರೆ.”

“ತುಂಬ ಹೊತ್ತು ಮಾತಾಡ್ತಾರಾ?”

“ನಾನು ಬಾಗಿಲು ಹಾಕ್ತೇನೆ ಅಂದ್ರೂ ಏಳುದಿಲ್ಲ ಸಾರ್. ಅಷ್ಟು ಪ್ರಾಮಾಣಿಕರು.”

“ಮನೆಯಲ್ಲಿ ಫೋನಿನ ಲೈನ್ ಉಂಟಾ?”

ಅಸ್ಕರ್‌ಗೆ ಸ್ವಲ್ಪ ಅವಮಾನವೇ ಆಯಿತು. “ಎಂತ ಕೇಳ್ತೀರಿ ಸಾರ್! ಫೋನಿಲ್ಲದ ಒಂದು ಮನೆ ಇಲ್ಲ. ಎಲ್ಲ ನೆಲೆಯಾದವರು.”

ಬಂದವನ ಮುಖ ಅರಳುತ್ತಲೇ ಹೋಯಿತು. “ನಾನು ಮೂಡುಬಿದಿರೆ, ಬಂಟ್ವಾಳ ಎಲ್ಲ ತಿರುಗಿ ಬಂದೆ. ನಿಮ್ಮ ಹಾಗೆ ಸಹಕಾರ ಕೊಟ್ಟವರು ಒಬ್ಬರೂ ಇಲ್ಲ. ಕೆಲವರು ಮೆಟ್ಟಿಲು ಹತ್ತಲಿಕ್ಕೇ ಬಿಡಲಿಲ್ಲ.”

“ಅವರದ್ದು ತಪ್ಪು ಸಾರ್” ಎಂದ ಅಸ್ಕರ್. ಗೆದ್ದೆ ಎನಿಸಿತು.

ಆಗಲೇ ರಶೀನಾಳ ಕೊಡೆಯ ಅಡಿಯಿಂದ ಗಂಡಸಿನ ದನಿ ಕೇಳಿಸಿತು. “ರಶೀನಾ, ಕತ್ತಲೆ! ಎಂತದೂ ಕಾಣುದಿಲ್ಲ. ಮೋನು ಎಲ್ಲಿ?”

ಕೊಡೆ ಟ್ಯೂಬ್‌ಲೈಟನ್ನು ನುಂಗಿತ್ತು. ರಶೀನಾ ಯಾರನ್ನೂ ನೋಡದೆ ಕೊಡೆ ಮಡಚಿ ಕೆಳಗಿಟ್ಟು, ಮಗುವನ್ನು ಎತ್ತಿ ಹಿಡಿದಳು. ಕಂಪ್ಯೂಟರಿನ ಪರದೆಯ ಮೇಲಿನ ಮುಖ ಅಲ್ಲಾಡದೆ ನಿಂತಿತು. ಸಂಪರ್ಕ ಸಿಕ್ಕಿಕೊಂಡಿತೋ ಎಂದು ಅಸ್ಕರ್ ಹೆದರಿ ಹತ್ತಿರ ಹೋದ. ಇಲ್ಲ, ಆ ಮನುಷ್ಯನೇ ಅಲ್ಲಾಡದೆ ಕುಳಿತಿದ್ದ. ಕೆನ್ನೆಯ ಮೇಲೆ ನೀರು ಮಾತ್ರ ಇಳಿಯುತ್ತಿತ್ತು.

ಮಗು ಆಕಳಿಸಿತು. “ಯಾ ಅಲ್ಲಾಹ್, ನನ್ನ ಉಪ್ಪನ ಹಾಗೆಯೇ ಬಾಯಿ ತೆರೀತಾನೆ!” ಎಂದು ಅವನು ತನ್ನ ಅಪ್ಪನನ್ನು ನೆನೆದು ನಗುತ್ತ ಅತ್ತ. ಒಂದೊಂದಾಗಿ ಕೊಡೆಗಳು ಮಡಚಿಕೊಂಡವು. ಎಲ್ಲರೂ ಒಂದೇ ಕಂಪ್ಯೂಟರಿನ ಸುತ್ತ. ಇನ್‌ಶರ್ಟಿನವನೂ ಕತ್ತು ಉದ್ದ ಮಾಡಿ ಇಣುಕಿದ. “ಅವನು ಯಾರು?” ಎಂದು ದಮ್ಮಾಮಿನಿಂದ ಪ್ರಶ್ನೆ ಬಂತು.

“ನಾನು ಧನರಾಜ್” ಎಂದು ಅವನು ಕ್ಯಾಮರಾಕ್ಕೇ ಕೈಮುಗಿದ. “ಫೋನ್ ಕಂಪನಿಯ ಬ್ರಾಡ್‌ಬ್ಯಾಂಡ್ ಸೇಲ್ಸಿನವನು. ಅಣ್ಣ, ನಿಮ್ಮ ಮಗುವನ್ನು ವಾರಕ್ಕೊಮ್ಮೆ ಯಾಕೆ, ದಿನಾ ನೋಡಿ. ಮನೆಯ ಫೋನಿನ ಲೈನಿಗೇ ಇಂಟರ್ನೆಟ್ ಕೊಡ್ತೇವೆ. ಕ್ಯಾಮರಾ ಫ್ರೀ.”

ಅಸ್ಕರ್ ರುಕ್ಮಯ್ಯನ ಕಡೆ ತಿರುಗಿದ. ರುಕ್ಮಯ್ಯ ಮೆಟ್ಟಿಲಿನತ್ತ ಹಿಂದೆ ಹಿಂದೆ ಸರಿದ.

“ನನ್ನಲ್ಲಿ ಲ್ಯಾಪ್‌ಟಾಪ್ ಒಂದು ಉಂಟು” ಎಂದಿತು ದಮ್ಮಾಮು. “ಊರಿಗೆ ಬರುವವರ ಕೈಯಲ್ಲಿ ಕಳಿಸ್ತೇನೆ.” “ನಾನೂ ಒಂದು ತೆಗೀತೇನೆ” ಎಂದಿತು ಪಕ್ಕದ ಪರದೆಯಿಂದ ಜುಬೈಲು.

ಧನರಾಜನ ಬ್ಯಾಗಿನಿಂದ ಅರ್ಜಿಗಳು ಹೊರಬಂದವು. ರಶೀನಾ ಮಾತ್ರ ಪೆನ್ನು ಮುಟ್ಟಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಸ್ಕರ್‌ನ ಕಡೆ ತಿರುಗಿದಳು.

“ನನಗೆ ಇದೆಲ್ಲ ಗೊತ್ತಾಗುದಿಲ್ಲ ಅಸ್ಕರಾಕ. ನೀವು ಹೇಳಿ. ಇದು ಒಳ್ಳೆಯದಾ?”

ಒಂದು ಮಾತು ಸಾಕಿತ್ತು. ಅದು ಕೆಟ್ಟುಹೋಗ್ತದೆ, ಮಳೆಗಾಲದಲ್ಲಿ ಲೈನ್ ಇರುದಿಲ್ಲ ಎಂದರೆ ನಾಲ್ವರೂ ನಂಬುತ್ತಿದ್ದರು. ಅರ್ಧ ಸುಳ್ಳೂ ಆಗುತ್ತಿರಲಿಲ್ಲ. ಅಸ್ಕರ್ ಬಾಯಿ ತೆರೆದ. ಹಳದಿ ಟೊಪ್ಪಿ ಅವನ ಕಡೆ ತಿರುಗಿ ಮತ್ತೊಮ್ಮೆ ಆಕಳಿಸಿತು.

“ಒಳ್ಳೆಯದು” ಎಂದ ಅಸ್ಕರ್. ಆಮೇಲೆ, ಹೇಗೂ ಹೇಳಿ ಆಯಿತಲ್ಲ ಎಂದು ಸೇರಿಸಿದ. “ಮೊನ್ನೆ ಹುಟ್ಟಿದ ಹಾಗೆ ಕಾಣ್ತದೆ, ನಾಳೆ ಮಗುಚಿ ಬೀಳ್ತದೆ. ಅದನ್ನೆಲ್ಲ ಅಪ್ಪ ನೋಡ್ಬೇಕಲ್ವಾ? ಬೇಗ ಮಾಡಿಸು.”

ಮಬ್ಬಾಗುವ ಹೊತ್ತಿಗೆ ಅಂಗಡಿಯಲ್ಲಿ ಉಳಿದದ್ದು ನಾಲ್ಕು ಗಿಡ್ಡ ಹಲಗೆಗಳು, ನೆಲದ ಮೇಲೆ ಕೊಡೆಗಳ ನೀರು, ನಡುವೆ ಅಸ್ಕರ್. ಆಗ ಜೀಪು ನಿಂತಿತು. ಈ ಸಲ ನಿಜವಾದ ಖಾಕಿ. ಸಬ್ ಇನ್‌ಸ್ಪೆಕ್ಟರು ಒಳಬಂದು, ಹಲಗೆಗಳನ್ನು ನೋಡಿ ಹುಬ್ಬೇರಿಸಿದರು.

“ಇದು ಎಂತ ಇದು? ನಾಲ್ಕೂವರೆ ಅಡಿಯ ತನಕ ಇಡಬಹುದು ಅಂತ ಉಂಟಲ್ಲ?”

ಅಸ್ಕರ್ ಹೊಟ್ಟೆ ಸವರಿಕೊಂಡ. ಒಳಗೆ ಇದ್ದದ್ದು ಅದೇ ಅಂಕಿ ಹಾಗಾದರೆ.

“ಇರ್ಲಿ. ಗಿರಾಕಿಗಳ ಗುರುತಿನ ಚೀಟಿ ನೋಡ್ತೀರಾ?”

“ಗಿರಾಕಿಗಳೇ ಇಲ್ಲ ಸಾರ್.”

“ಹಾಗಾದ್ರೆ ತಪ್ಪೂ ಇಲ್ಲ!” ಇನ್‌ಸ್ಪೆಕ್ಟರು ಸಂತೋಷದಿಂದ ಅವನ ಬೆನ್ನು ತಟ್ಟಿದರು. “ಇಡೀ ತಾಲೂಕಿನಲ್ಲಿ ನಿಯಮ ಒಂದು ಚೂರೂ ಮುರಿಯದ ಸೈಬರ್ ನಿಮ್ಮದೊಂದೇ. ಹೀಗೇ ಇಟ್ಕೊಳ್ಳಿ.”

ಜೀಪು ಹೋದ ಸದ್ದು ಅಡಗುವ ಮೊದಲೇ ಬಾಗಿಲಲ್ಲಿ ಹುಕ್ರಪ್ಪನ ತಲೆ ಕಂಡಿತು. ಕೈಯಲ್ಲಿ ಅಳತೆ ಟೇಪು, ಮುಖದಲ್ಲಿ ಬೆಳಿಗ್ಗೆ ಇಲ್ಲದ ಗೆಲುವು.

“ಆ ಮೂಲೆಯ ಹಲಗೆಗಳನ್ನು ಕೊಡ್ತೀರಾ ಅಸ್ಕರಾಕ? ಬಸ್ ಸ್ಟ್ಯಾಂಡಿನಲ್ಲಿ ಜಸ್ನಾಕ್ಕ ಸಿಕ್ಕಿದ್ರು. ಮೂರು ಮನೆಗೂ ಕಂಪ್ಯೂಟರ್ ಇಡ್ಲಿಕ್ಕೆ ಮೇಜು ಬೇಕಂತೆ.”

“ಮೇಜಿಗೆ ಈ ಹಲಗೆ ಯಾಕೆ?”

“ಮನೆಯಲ್ಲಿ ಅತ್ತೆಯವರೆಲ್ಲ ಇಣುಕ್ತಾರಲ್ಲ” ಎಂದ ಹುಕ್ರಪ್ಪ. “ಸುತ್ತ ಎತ್ತರಕ್ಕೆ ಮರೆ ಕಟ್ಟಿ ಕೊಡ್ಬೇಕಂತೆ. ಅಸ್ಕರಾಕನಲ್ಲಿ ಇತ್ತಲ್ಲ, ಹಾಗೆಯೇ.”